ಜಾರುವ ಭುಜ, ಸವೆಯುವ ಮೂಳೆ



ನಾನು ಸಾಮಾನ್ಯವಾಗಿ ಕ್ಯಾಮೆರಾದ ಹಿಂದೆ ನಿಲ್ಲುವವನು. ಎರಡು ದಶಕಗಳಿಂದ ಆರೋಗ್ಯ, ಕೃಷಿ, ವಿಜ್ಞಾನ ಕಾರ್ಯಕ್ರಮಗಳನ್ನು ನಿರ್ಮಿಸುತ್ತಾ ಬಂದಿದ್ದೇನೆ. ಓದಿದ್ದು ಬಿ.ಎಸ್ಸಿ. ವೈದ್ಯನಲ್ಲ. ಆದರೂ ಈ ಹೊತ್ತು ನಿಮ್ಮ ಮುಂದೆ ಕುಳಿತು ಭುಜದ ಕೀಲಿನ ಬಗ್ಗೆ ಮಾತನಾಡಲು ಒಂದು ಕಾರಣವಿದೆ. ವೀಕ್ಷಕರಿಗೆ ನಾನು ಎರಡು ನಿಮಿಷ ಬಾಕಿ ಉಳಿಸಿಕೊಂಡಿದ್ದೇನೆ. ಅದನ್ನು ತೀರಿಸಬೇಕಾಗಿದೆ.

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಕೀಲು ಮತ್ತು ಮೂಳೆಗಳನ್ನು ಕುರಿತು ಅರ್ಧ ಗಂಟೆಯ ಕಾರ್ಯಕ್ರಮವೊಂದನ್ನು ಧ್ವನಿಮುದ್ರಿಸಿದೆವು. ಬಂದಿದ್ದ ಮೂಳೆತಜ್ಞರು ಮಂಡಿನೋವು, ಬೆನ್ನುನೋವುಗಳ ಬಗ್ಗೆ ವಿವರವಾಗಿ ಹೇಳಿ, ಕೊನೆಗೆ ಭುಜದ ವಿಷಯಕ್ಕೆ ಬಂದರು. ಒಮ್ಮೆ ಜಾರಿದ ಭುಜ ಮತ್ತೆ ಮತ್ತೆ ಜಾರುತ್ತಿದ್ದರೆ ಅದು ಎಷ್ಟು ಸಲ ಜಾರಿತೆಂದು ಲೆಕ್ಕವಿಡಬೇಕು, ಏಕೆಂದರೆ ಪ್ರತಿ ಸಲವೂ ಮೂಳೆ ಸ್ವಲ್ಪ ಸ್ವಲ್ಪ ಸವೆಯುತ್ತದೆ ಎಂದರು. ಕಾರ್ಯಕ್ರಮ ಎರಡು ನಿಮಿಷ ಉದ್ದವಾಗಿತ್ತು. ಮಂಡಿನೋವಿಗೆ ವೀಕ್ಷಕರು ಹೆಚ್ಚು, ಭುಜಕ್ಕೆ ಕಡಿಮೆ ಎಂದು ಎಣಿಸಿ, ಸಂಕಲನದ ಮೇಜಿನಲ್ಲಿ ಆ ಭಾಗವನ್ನೇ ಕತ್ತರಿಸಿದೆ. ಅದು ಪ್ರಸಾರವಾದ ಸಂಜೆ ಮುಡುಕುತೊರೆ ಬೆಟ್ಟದ ಕೆಳಗಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕುಳಿತಿದ್ದರಂತೆ. ಚಿಕ್ಕಮ್ಮನ ಮಗನೂ ಇದ್ದ. ಆ ಹೊತ್ತಿಗೆ ಅವನ ಬಲಭುಜ ಮೂರು ಸಲ ಜಾರಿತ್ತು.

ಮುಡುಕುತೊರೆಯನ್ನು ನೋಡದವರಿಗೆ ಎರಡು ಮಾತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿ, ಕಾವೇರಿಯ ದಡದಲ್ಲಿ ಒಂದು ಪುಟ್ಟ ಬೆಟ್ಟ. ಅದರ ಮೇಲೆ ಮಲ್ಲಿಕಾರ್ಜುನಸ್ವಾಮಿಯ ಗುಡಿ. ತಲಕಾಡಿನ ಪಂಚಲಿಂಗಗಳಲ್ಲಿ ಇದೂ ಒಂದು. ಮುಡುಕು ಎಂದರೆ ತಿರುವು. ಇಲ್ಲಿ ಕಾವೇರಿ ಮೈ ತಿರುಗಿಸಿ ಹರಿಯುತ್ತಾಳೆ. ಮಾಘ ಮಾಸದ ಸುಮಾರಿಗೆ ಇಲ್ಲಿ ನೆರೆಯುವ ದನಗಳ ಜಾತ್ರೆ ಹೆಸರುವಾಸಿ. ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ, ಪೆಂಡಾಲು ಹಾಕಿ ಕಟ್ಟಿ, ರೈತರು ವಾರಗಟ್ಟಲೆ ಬೀಡುಬಿಡುವುದುಂಟು.

ಆ ಜಾತ್ರೆಯಲ್ಲೇ ನಮ್ಮ ಹುಡುಗನ ಕಥೆ ಪ್ರಾರಂಭವಾಯಿತು. ಅವನ ಹೆಸರು ಬೇಡ, ತಮ್ಮಯ್ಯ ಎನ್ನೋಣ. ಆಗ ಅವನಿಗೆ ಹತ್ತೊಂಬತ್ತು. ನಾಲ್ಕು ಹಲ್ಲಿನ ಹೋರಿಯೊಂದನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದಾಗ ತಮಟೆ ಸದ್ದಿಗೆ ಅದು ಬೆದರಿ ನುಗ್ಗಿತು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದ. ತೋಳು ಮೇಲಕ್ಕೆದ್ದು, ಹೊರಕ್ಕೆ ತಿರುಚಿಕೊಂಡು, ಹಿಂದಕ್ಕೆ ಜಗ್ಗಿತು. ಭುಜದ ಗುಂಡು ಮುಂದಕ್ಕೆ ಜಾರಿತು. ಪಕ್ಕದ ಪೆಂಡಾಲಿನಲ್ಲಿದ್ದ, ಗರಡಿಯಲ್ಲಿ ಪಳಗಿದ ಹಿರಿಯರೊಬ್ಬರು ಕಂಕುಳಿಗೆ ಕಾಲೊಡ್ಡಿ ಕೈ ಎಳೆದರು. ಲೊಟಕ್ಕೆಂದು ಕೂತಿತು. ಎಣ್ಣೆ ತಿಕ್ಕಿದರು, ಮೂರು ದಿನ ಬಟ್ಟೆ ಕಟ್ಟಿದರು. ನಾಲ್ಕನೆಯ ದಿನ ಅವನು ಮತ್ತೆ ಹಗ್ಗ ಹಿಡಿದ. ಎಕ್ಸ್-ರೇ ಎಂಬ ಮಾತೇ ಯಾರ ಬಾಯಲ್ಲೂ ಬರಲಿಲ್ಲ.

ಈ ಕೀಲು ಏಕೆ ಹೀಗೆ ಜಾರುತ್ತದೆ? ಶಾಲೆಯಲ್ಲಿ ನಾವೆಲ್ಲ ಆಡಿದ ನಿಂಬೆಹಣ್ಣು-ಚಮಚದ ಓಟವನ್ನು ನೆನಪಿಸಿಕೊಳ್ಳಿ. ಭುಜದ ರಚನೆ ಹೆಚ್ಚುಕಡಿಮೆ ಹಾಗೆಯೇ. ತೋಳಿನ ಮೂಳೆಯ ತುದಿಯಲ್ಲಿರುವ ಗುಂಡು ನಿಂಬೆಹಣ್ಣು. ಬೆನ್ನಿನ ರೆಕ್ಕೆಮೂಳೆಯ ಅಂಚಿನಲ್ಲಿರುವ ಆಳವಿಲ್ಲದ ಬಟ್ಟಲು ಚಮಚ. ಯಾವುದೇ ಕ್ಷಣದಲ್ಲಿ ಗುಂಡಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಬಟ್ಟಲಿಗೆ ತಾಗಿರುತ್ತದೆ. ಸೊಂಟದ ಕೀಲು ಹಾಗಲ್ಲ, ಅಲ್ಲಿ ಗುಂಡು ಆಳವಾದ ಗುಳಿಯೊಳಗೆ ಭದ್ರವಾಗಿ ಕುಳಿತಿರುತ್ತದೆ. ಆದರೆ ಸೊಂಟದಿಂದ ಕಾಲನ್ನು ಸುತ್ತಲೂ ಬೀಸಲಾಗುವುದಿಲ್ಲ. ಭುಜದಿಂದ ಕೈಯನ್ನು ಆಕಾಶಕ್ಕೂ ಎತ್ತಬಹುದು, ಬೆನ್ನಿಗೂ ಒಯ್ಯಬಹುದು. ಆ ಸ್ವಾತಂತ್ರ್ಯಕ್ಕಾಗಿ ಪ್ರಕೃತಿ ಭದ್ರತೆಯನ್ನು ಬಿಟ್ಟುಕೊಟ್ಟಿದೆ.

ಹಾಗಾದರೆ ನಿಂಬೆಹಣ್ಣು ಬೀಳದಂತೆ ಹಿಡಿದಿರುವುದು ಯಾವುದು? ಮೊದಲನೆಯದು, ಬಟ್ಟಲಿನ ಸುತ್ತ ಅಂಟಿಕೊಂಡಿರುವ ರಬ್ಬರಿನಂಥ ಒಂದು ಅಂಚುಪಟ್ಟಿ. ಅದು ಬಟ್ಟಲನ್ನು ಆಳವಾಗಿಸುತ್ತದೆ. ಎರಡನೆಯದು, ಆ ಪಟ್ಟಿಗೆ ಸೇರಿಕೊಂಡ ಕೀಲಿನ ಚೀಲ ಮತ್ತು ರಜ್ಜುಗಳು. ಮೂರನೆಯದು, ಗುಂಡನ್ನು ನಾಲ್ಕು ಕಡೆಯಿಂದ ಬಟ್ಟಲಿನತ್ತ ಒತ್ತಿ ಹಿಡಿಯುವ ನಾಲ್ಕು ಸಣ್ಣ ಸ್ನಾಯುಗಳು. ಇವುಗಳಿಗೆಲ್ಲ ಆಧಾರ ಬಟ್ಟಲಿನ ಮೂಳೆ.

ಜಾರುವ ಭುಜಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮುಂದಕ್ಕೆ ಜಾರುತ್ತವೆ. ಹಿಂದಕ್ಕೆ ಜಾರುವುದು ವಿರಳ. ಅಪಸ್ಮಾರದ, ಅಂದರೆ ಫಿಟ್ಸ್‌ನ ಸೆಳೆತದಲ್ಲಿ ಅಥವಾ ವಿದ್ಯುತ್ ಆಘಾತದಲ್ಲಿ ಹಾಗಾಗುವುದುಂಟು. ಅದು ಸಾಮಾನ್ಯ ಎಕ್ಸ್-ರೇಯಲ್ಲಿ ಕಣ್ಣು ತಪ್ಪಿಸುವುದೂ ಉಂಟು.

ಭುಜ ಜಾರುವುದು ಹೊಸ ಕಾಯಿಲೆಯಲ್ಲ. ಸುಶ್ರುತ ಸಂಹಿತೆಯಲ್ಲಿ ಇದರ ಚಿಕಿತ್ಸೆ ಬರುತ್ತದೆ. ಕಂಕುಳಿಗೆ ಒನಕೆಯನ್ನು ಕೊಟ್ಟು ಮೇಲೆತ್ತಿ, ಕೀಲು ಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕದಂತೆ ಅಡ್ಡಡ್ಡಲಾಗಿ ಬಟ್ಟೆ ಕಟ್ಟಬೇಕೆಂದು ಅಲ್ಲಿದೆ. ಗ್ರೀಸಿನ ಹಿಪಾಕ್ರಟಿಸನ ಹೆಸರಿನ ಗ್ರಂಥಗಳಲ್ಲಿ ಕಂಕುಳಿಗೆ ಹಿಮ್ಮಡಿಯೊಡ್ಡಿ ಎಳೆಯುವ ಕ್ರಮವಿದೆ. ಜಾತ್ರೆಯ ಆ ಹಿರಿಯರು ಮಾಡಿದ್ದು ಅದನ್ನೇ. ಮತ್ತೆ ಮತ್ತೆ ಜಾರುವವರಿಗೆ ಕಾದ ಕಬ್ಬಿಣದಿಂದ ಕಂಕುಳಿನಲ್ಲಿ ಬರೆ ಹಾಕಿ, ಗಾಯದ ಕಲೆ ಬಿಗಿದುಕೊಳ್ಳುವಂತೆ ಮಾಡುವ ಉಪಾಯವೂ ಆ ಗ್ರೀಕ್ ಗ್ರಂಥಗಳಲ್ಲಿದೆ. ಒಮ್ಮೆ ಜಾರಿದ್ದು ಮತ್ತೆ ಜಾರುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ.

ಕಾರಣ ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1923ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್, ಬಟ್ಟಲಿನ ಮುಂಭಾಗದ ಅಂಚುಪಟ್ಟಿ ಕಿತ್ತುಬರುವುದೇ ಮುಖ್ಯ ದೋಷವೆಂದು ತೋರಿಸಿದರು. ಕಿತ್ತ ಪಟ್ಟಿ ತಾನಾಗಿ ಸರಿಯಾದ ಜಾಗಕ್ಕೆ ಅಂಟಿಕೊಳ್ಳದಿದ್ದರೆ ಅಲ್ಲೊಂದು ಬಾಗಿಲು ತೆರೆದೇ ಇರುತ್ತದೆ. 1940ರಲ್ಲಿ ಅಮೆರಿಕದ ಹಿಲ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಎಕ್ಸ್-ರೇ ತಜ್ಞರು ಇನ್ನೊಂದು ಹಾನಿಯನ್ನು ವಿವರಿಸಿದರು. ಗುಂಡು ಮುಂದಕ್ಕೆ ಜಾರಿದಾಗ ಅದರ ಹಿಂಬದಿಯ ಮೆದು ಮೂಳೆ ಬಟ್ಟಲಿನ ಗಟ್ಟಿ ಅಂಚಿಗೆ ಬಡಿಯುತ್ತದೆ. ತಾಮ್ರದ ಬಿಂದಿಗೆ ಬಾವಿಯ ಕಟ್ಟೆಗೆ ತಗುಲಿ ನೆಗ್ಗುವಂತೆ ಗುಂಡು ನೆಗ್ಗುತ್ತದೆ. ಹೀಗೆ ಪ್ರತಿ ಜಾರುವಿಕೆಯಲ್ಲೂ ಪೆಟ್ಟು ಎರಡು ಕಡೆ: ಬಟ್ಟಲಿನ ಮುಂದಿನ ಅಂಚು ಸವೆಯುತ್ತದೆ, ಗುಂಡಿನ ಹಿಂಬದಿ ನೆಗ್ಗುತ್ತದೆ.

ಮುಡುಕುತೊರೆಯವರಿಗೆ ಇದನ್ನು ವಿವರಿಸುವುದು ಸುಲಭ. ನದಿ ತಿರುಗುವ ಕಡೆ, ಹೊರದಡದಲ್ಲಿ ಜಮೀನಿರುವ ರೈತನನ್ನು ಕೇಳಿ. ಪ್ರತಿ ಪ್ರವಾಹಕ್ಕೂ ಒಂದು ಸಾಲು ಮಣ್ಣು ಹೋಗುತ್ತದೆ. ದಡ ಹಿಂದೆ ಸರಿದಷ್ಟೂ ಮುಂದಿನ ಪ್ರವಾಹಕ್ಕೆ ದಾರಿ ಸಲೀಸಾಗುತ್ತದೆ. ಮೊದಲ ವರ್ಷ ಸಣ್ಣದಾಗಿ ಕಟ್ಟಿಕೊಂಡಿದ್ದರೆ ಉಳಿಯುತ್ತಿದ್ದ ದಡಕ್ಕೆ ಹತ್ತನೆಯ ವರ್ಷ ಕಲ್ಲುಕಟ್ಟಡವೇ ಬೇಕಾಗುತ್ತದೆ.

ತಮ್ಮಯ್ಯನಿಗೆ ಆದದ್ದೂ ಅದೇ. ಎರಡನೆಯ ಸಲ ಜಾರಿದ್ದು ಕಬ್ಬಿನ ಹೊರೆ ಎತ್ತುವಾಗ. ಮೂರನೆಯದು ಬಸ್ಸಿನ ಕಂಬಿ ಹಿಡಿದು ಜೋತಾಗ. ಆಮೇಲೆ ಕಾರಣವೇ ಬೇಕಿರಲಿಲ್ಲ. ಅಂಗಿ ತೊಡುವಾಗ, ಅಟ್ಟದಿಂದ ಡಬ್ಬ ಇಳಿಸುವಾಗ, ಕಡೆಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ. ತಾನೇ ಕೂರಿಸಿಕೊಳ್ಳುವುದನ್ನೂ ಕಲಿತಿದ್ದ. ಹಬ್ಬಕ್ಕೆ ಊರಿಗೆ ಹೋದಾಗ ನಾನು ವಿಚಾರಿಸಿದರೆ ನಕ್ಕುಬಿಡುತ್ತಿದ್ದ: "ಬುಡಣ್ಣ, ಅದು ವಾಡಿಕೆ ಆಗೋಗದೆ. ಹೋಯ್ತದೆ, ಬತ್ತದೆ." ನೋವು ಕಡಿಮೆಯಾಗಿದೆ, ಸುಲಭವಾಗಿ ಕೂರುತ್ತದೆ ಎಂಬುದನ್ನು ಅವನು ಒಳ್ಳೆಯ ಲಕ್ಷಣವೆಂದು ತಿಳಿದಿದ್ದ. ಅದು ತಪ್ಪು. ತಡೆಯೊಡ್ಡುವ ಅಂಚು ಇಲ್ಲವಾದಾಗಲೇ ಕೀಲು ಅಷ್ಟು ಸಲೀಸಾಗಿ ಹೋಗಿ ಬರುವುದು. ಈ ಮಾತನ್ನು ತಜ್ಞರು ನನ್ನ ಕ್ಯಾಮೆರಾದ ಮುಂದೆಯೇ ಹೇಳಿದ್ದರು. ಕತ್ತರಿಸಿದ ಎರಡು ನಿಮಿಷದಲ್ಲಿ ಅದೂ ಸೇರಿತ್ತು.

ವಯಸ್ಸು ಇಲ್ಲಿ ಬಹಳ ಮುಖ್ಯ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮೊದಲ ಬಾರಿ ಭುಜ ಜಾರಿದ 15ರಿಂದ 35 ವರ್ಷದ 252 ಮಂದಿಯನ್ನು ಗಮನಿಸುತ್ತಾ ಹೋದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಐದು ವರ್ಷದ ಹೊತ್ತಿಗೆ ಮೂರರಲ್ಲಿ ಇಬ್ಬರಿಗೆ ಭುಜ ಮತ್ತೆ ಅಸ್ಥಿರವಾಗಿತ್ತು. ವಯಸ್ಸು ಕಡಿಮೆಯಿದ್ದಷ್ಟೂ ಅಪಾಯ ಹೆಚ್ಚು. ನಲವತ್ತು ದಾಟಿದವರಲ್ಲಿ ಮತ್ತೆ ಜಾರುವುದು ಕಡಿಮೆ, ಆದರೆ ಜಾರಿದ ಹೊತ್ತಿನಲ್ಲೇ ಗುಂಡನ್ನು ಹಿಡಿದಿರುವ ಸ್ನಾಯುಗಳು ಹರಿದಿರುವ ಸಂಭವ ಹೆಚ್ಚು. ವಾರಗಳು ಕಳೆದರೂ ಕೈ ಎತ್ತಲಾಗದಿದ್ದರೆ ಅವರು ಅದನ್ನು ಪರೀಕ್ಷಿಸಿಕೊಳ್ಳಲೇಬೇಕು.

ಮೊದಲ ಸಲ ಜಾರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕೆಂದಲ್ಲ. ಕೀಲನ್ನು ಸರಿಯಾಗಿ ಕೂರಿಸಿ, ಎರಡು ಮೂರು ವಾರ ಜೋಲಿಯಲ್ಲಿ ಕೈ ಇಟ್ಟು, ಆಮೇಲೆ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದರೆ ಅನೇಕರಿಗೆ ಸಾಕಾಗುತ್ತದೆ. ಹುಟ್ಟಿನಿಂದಲೇ ಎಲ್ಲ ಕೀಲುಗಳೂ ಸಡಿಲವಾಗಿರುವ ಕೆಲವರಿಗೆ ವ್ಯಾಯಾಮವೇ ಮೊದಲ ಮದ್ದು. ಫಿಟ್ಸ್ ಇರುವವರಿಗೆ ಮೊದಲು ಫಿಟ್ಸ್ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಎಂಥ ಹೊಲಿಗೆಯೂ ನಿಲ್ಲದು. ಆದರೆ ಹರೆಯದವರು, ಕುಸ್ತಿ ಕಬಡ್ಡಿ ಆಡುವವರು, ತೋಳಿನ ದುಡಿಮೆಯವರು, ಎರಡು ಮೂರು ಸಲ ಜಾರಿಸಿಕೊಂಡವರು ಶಸ್ತ್ರಚಿಕಿತ್ಸೆಯ ವಿಚಾರವನ್ನು ತಜ್ಞರೊಡನೆ ಮಾತನಾಡುವುದು ಲೇಸು.

ಸಾಮಾನ್ಯವಾಗಿ ಮಾಡುವ ಶಸ್ತ್ರಚಿಕಿತ್ಸೆ ಬ್ಯಾಂಕಾರ್ಟ್ ಅವರ ಹೆಸರಿನದೇ. ಈಗ ಅದನ್ನು ಸಣ್ಣ ರಂಧ್ರಗಳ ಮೂಲಕ, ದೂರದರ್ಶಕದಂಥ ತೆಳು ನಳಿಕೆಯನ್ನು ಕೀಲಿನೊಳಕ್ಕೆ ತೂರಿಸಿ, ಪರದೆಯ ಮೇಲೆ ನೋಡುತ್ತಾ ಮಾಡುತ್ತಾರೆ. ಬಟ್ಟಲಿನ ಅಂಚಿಗೆ ದಾರ ಪೋಣಿಸಿದ ಪುಟ್ಟ ಗೂಟಗಳನ್ನು ಹೊಡೆದು, ಕಿತ್ತುಬಂದ ಪಟ್ಟಿಯನ್ನು ಅದರ ಜಾಗಕ್ಕೆ ಕಟ್ಟುತ್ತಾರೆ. ಮೂಳೆ ಉಳಿದಿದ್ದರೆ ಇದು ಒಳ್ಳೆಯ ಚಿಕಿತ್ಸೆ. ಆದರೆ ಗೂಟ ಹೊಡೆಯಲು ದಡವೇ ಇಲ್ಲದಿದ್ದರೆ?

ತಮ್ಮಯ್ಯನಿಗೆ ಆದದ್ದು ಇದೇ. ಮನೆಯವರ ಒತ್ತಾಯಕ್ಕೆ ನಗರದ ಆಸ್ಪತ್ರೆಯೊಂದಕ್ಕೆ ಹೋದ. ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಎಕ್ಸ್-ರೇ ತೆಗೆದರು, ಎಂ.ಆರ್.ಐ. ಮಾಡಿದರು, ರಂಧ್ರದ ಮೂಲಕ ಪಟ್ಟಿ ಹೊಲಿದರು. ಎಷ್ಟು ಸಲ ಜಾರಿದೆ ಎಂದು ಕೇಳಿದಾಗ ಇವನು ನಾಚಿಕೆಯಿಂದ "ನಾಲ್ಕೈದು ಸಲ" ಎಂದಿದ್ದ. ನಿಜವಾಗಿ ಇಪ್ಪತ್ತು ದಾಟಿತ್ತು. ಮೂಳೆ ಎಷ್ಟು ಹೋಗಿದೆ ಎಂದು ಅಳೆಯುವ ಸಿ.ಟಿ. ಸ್ಕ್ಯಾನ್ ಮಾಡಲಿಲ್ಲ. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನೂ ಇದ್ದೆ. ಆರೋಗ್ಯ ಕಾರ್ಯಕ್ರಮ ಮಾಡುವವನು ಎಂದು ಎಲ್ಲರೂ ನನ್ನನ್ನು ಮುಂದೆ ಬಿಟ್ಟಿದ್ದರು.

2000ದಲ್ಲಿ ಅಮೆರಿಕದ ಸ್ಟೀಫನ್ ಬರ್ಕಾರ್ಟ್ ಮತ್ತು ದಕ್ಷಿಣ ಆಫ್ರಿಕದ ಡಿ ಬಿಯರ್ ತಮ್ಮ 194 ರೋಗಿಗಳ ಲೆಕ್ಕವನ್ನು ಪ್ರಕಟಿಸಿದ್ದರು. ಎಲ್ಲರಿಗೂ ರಂಧ್ರದ ಮೂಲಕ ಪಟ್ಟಿ ಹೊಲಿದಿತ್ತು. ಮೂಳೆ ಗಣನೀಯವಾಗಿ ಹೋಗಿಲ್ಲದವರಲ್ಲಿ ನೂರಕ್ಕೆ 4 ಮಂದಿಗೆ ಮಾತ್ರ ಭುಜ ಮತ್ತೆ ಜಾರಿತು. ಮೂಳೆ ಹೋಗಿದ್ದವರಲ್ಲಿ ನೂರಕ್ಕೆ 67 ಮಂದಿಗೆ. ಒಂದೇ ಕೈ, ಒಂದೇ ಹೊಲಿಗೆ, ವ್ಯತ್ಯಾಸ ಮೂಳೆಯದು. ಆರೋಗ್ಯವಂತರ ಬಟ್ಟಲು ಕೆಳಗೆ ಅಗಲ, ಮೇಲೆ ಕಿರಿದು. ಪುಟ್ಟ ಸೋರೆಕಾಯಿಯ ಆಕಾರವೆನ್ನಬಹುದು. ಮುಂದಿನ ಅಂಚು ಸವೆದಾಗ ಕೆಳಭಾಗ ಕಿರಿದಾಗಿ, ಸೋರೆಕಾಯಿ ತಲೆಕೆಳಗಾದಂತೆ ಕಾಣುತ್ತದೆ.

ಎಷ್ಟು ಸವೆದರೆ ಹೆಚ್ಚು? ಬಟ್ಟಲಿನ ಕೆಳಭಾಗದ ಅಗಲ ಸುಮಾರು 25 ಮಿಲಿಮೀಟರ್. ಅದರಲ್ಲಿ 20ರಿಂದ 25 ಶೇಕಡ ಹೋದರೆ, ಅಂದರೆ ಐದಾರು ಮಿಲಿಮೀಟರ್ ಹೋದರೆ, ಹೊಲಿಗೆಯೊಂದೇ ಸಾಲದೆಂಬುದು ಬಹುಕಾಲದ ಒಪ್ಪಿಗೆ. ಐದು ಮಿಲಿಮೀಟರ್ ಎಂದರೆ ಒಂದು ತೊಗರಿಕಾಳಿನ ಅಗಲ. ಇತ್ತೀಚಿನ ಅಧ್ಯಯನಗಳ ಪ್ರಕಾರ ದುಡಿಯುವ, ಆಡುವ ಹರೆಯದವರಲ್ಲಿ ಸುಮಾರು 13.5 ಶೇಕಡ ನಷ್ಟವೂ ತೊಂದರೆ ಕೊಡಬಲ್ಲದು. ಬಟ್ಟಲಿನ ನಷ್ಟವನ್ನಷ್ಟೇ ನೋಡಿದರೂ ಸಾಲದು, ಗುಂಡಿನ ನೆಗ್ಗು ಅಂಚಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದೂ ಲೆಕ್ಕಹಾಕಬೇಕು. ಇದನ್ನೆಲ್ಲ ನಿಖರವಾಗಿ ತೋರಿಸುವುದು ಮೂರು ಆಯಾಮದ ಸಿ.ಟಿ. ಸ್ಕ್ಯಾನ್.

ಹೊಲಿಗೆ ಹಾಕಿಸಿಕೊಂಡ ಎಂಟನೆಯ ತಿಂಗಳು ತಮ್ಮಯ್ಯ ಎತ್ತುಗಳ ಮೈತೊಳೆಯಲು ಹೊಳೆಗಿಳಿದಿದ್ದ. ಸೊಂಟದ ಮಟ್ಟದ ನೀರು. ಎತ್ತೊಂದು ಸೆಳವಿನತ್ತ ಸರಿದಾಗ ಈಜಿ ಅಡ್ಡಹೋದ. ಕೈ ಬೀಸಿದಾಗ ಭುಜ ಜಾರಿತು. ಒಂದೇ ಕೈ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೂಗಿಕೊಂಡರು, ಹುಡುಗನೊಬ್ಬ ಹಾರಿ ಕೂದಲು ಹಿಡಿದು ಎಳೆದುತಂದ. ಅಂದು ರಾತ್ರಿ ಚಿಕ್ಕಮ್ಮ ಫೋನು ಮಾಡಿ ಅಳುತ್ತಾ ಹೇಳಿದ್ದು ಒಂದೇ ಮಾತು: "ಅಲ್ಲ ಕಣಪ್ಪ, ಟಿ.ವಿ.ಲಿ ಎಲ್ಲಾರ್ಗೂ ಹೇಳ್ತೀಯಲ್ಲ, ನಮ್ಮುಡುಗ್ನಿಗೆ ಯಾಕೆ ಹೇಳ್ನಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ.

ಮರುವಾರ ಬೇರೊಬ್ಬ ತಜ್ಞರು ಸಿ.ಟಿ. ತೆಗೆಸಿ ನಮಗೆ ಪರದೆಯಲ್ಲಿ ತೋರಿಸಿದರು. ಎಡಭುಜದ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಬಲಗಡೆಯದರ ಮೇಲೆ ವೃತ್ತ ಬರೆದರು. ಬಲಗಡೆ ಕಾಲುಭಾಗ ಇರಲಿಲ್ಲ. ತಮ್ಮಯ್ಯ ಬಹಳ ಹೊತ್ತು ನೋಡಿ, "ದಡ ಕುಸಿದಂಗದೆ" ಎಂದ.

ಇಂಥವರಿಗೆ ಮಾಡುವ ಶಸ್ತ್ರಚಿಕಿತ್ಸೆಯ ಹೆಸರು ಲಟಾರ್ಜೆ. 1954ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಲಟಾರ್ಜೆ ಅದನ್ನು ಪ್ರಕಟಿಸಿದರು. ಭುಜದ ಮುಂಭಾಗದಲ್ಲಿ, ಕೊರಳೆಲುಬಿನ ಕೆಳಗೆ ಬೆರಳೊತ್ತಿದರೆ ಒಂದು ಗಟ್ಟಿ ತುದಿ ಸಿಗುತ್ತದೆ. ರೆಕ್ಕೆಮೂಳೆಯಿಂದ ಮುಂದಕ್ಕೆ ಬಾಗಿ ಬಂದ ಆ ಮೂಳೆಗೆ ಗ್ರೀಕರು ಕಾಗೆಯ ಕೊಕ್ಕನ್ನು ನೆನೆದು ಹೆಸರಿಟ್ಟರು. ಈ ಕಾಗೆಕೊಕ್ಕಿನ ಎರಡು ಸೆಂಟಿಮೀಟರಿಗೂ ತುಸು ಹೆಚ್ಚು ಉದ್ದದ ತುಂಡನ್ನು, ಅದಕ್ಕಂಟಿದ ಸ್ನಾಯುರಜ್ಜು ಸಮೇತ ಕತ್ತರಿಸುತ್ತಾರೆ. ಕೀಲಿನ ಮುಂದಿರುವ ಸ್ನಾಯುವನ್ನು ಸೀಳಿ, ಅದರ ನಡುವಿನಿಂದ ತುಂಡನ್ನು ಒಯ್ದು, ಬಟ್ಟಲಿನ ಸವೆದ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ.

ಇದರಿಂದ ಸಿಗುವ ತಡೆ ಮೂರು ಬಗೆಯದು. ಮೂಳೆಯ ತುಂಡು ಬಟ್ಟಲನ್ನು ಮತ್ತೆ ಅಗಲ ಮಾಡುತ್ತದೆ. ತುಂಡಿನೊಡನೆ ಬಂದ ರಜ್ಜು, ಕೈ ಎತ್ತಿ ಹೊರಕ್ಕೆ ತಿರುಗಿಸಿದಾಗ ಗುಂಡಿನ ಮುಂದೆ ಜೋಲಿಯಂತೆ ಬಿಗಿದು ನಿಲ್ಲುತ್ತದೆ. ಕೀಲಿನ ಚೀಲವನ್ನೂ ಸೇರಿಸಿ ಹೊಲಿದರೆ ಅದು ಮೂರನೆಯದು. ಕೈ ಯಾವ ಭಂಗಿಯಲ್ಲಿ ಜಾರುತ್ತದೋ ಅದೇ ಭಂಗಿಯಲ್ಲಿ ಈ ಜೋಲಿ ಬಿಗಿಯಾಗುವುದು ಇದರ ಹೆಚ್ಚುಗಾರಿಕೆ.

ನಷ್ಟ ಇನ್ನೂ ಹೆಚ್ಚಾಗಿದ್ದರೆ, ಇಲ್ಲವೆ ಲಟಾರ್ಜೆಯೂ ವಿಫಲವಾದರೆ, ಸೊಂಟದ ಮೂಳೆಯ ಅಂಚಿನಿಂದ ತುಂಡು ತೆಗೆದು ಕೂರಿಸುವುದುಂಟು. ಗುಂಡಿನ ನೆಗ್ಗು ದೊಡ್ಡದಾಗಿದ್ದು ಬಟ್ಟಲಿನ ನಷ್ಟ ಕಡಿಮೆಯಿದ್ದರೆ, ಹಿಂಬದಿಯ ಸ್ನಾಯುರಜ್ಜು ಮತ್ತು ಚೀಲವನ್ನು ನೆಗ್ಗಿನೊಳಕ್ಕೆ ಹೊಲಿದು ತುಂಬುತ್ತಾರೆ. ಇದಕ್ಕೆ ಫ್ರೆಂಚ್ ಭಾಷೆಯಲ್ಲಿ ರಾಂಪ್ಲಿಸಾಜ್, ಅಂದರೆ ತುಂಬುವಿಕೆ, ಎಂದೇ ಹೆಸರು.

ಲಟಾರ್ಜೆ ದೊಡ್ಡ ಶಸ್ತ್ರಚಿಕಿತ್ಸೆ. ಕೈಗೆ ಹೋಗುವ ನರಗಳು ಹತ್ತಿರದಲ್ಲೇ ಇರುವುದರಿಂದ ಅವಕ್ಕೆ ಪೆಟ್ಟಾಗಬಹುದು. ಕೀವಾಗಬಹುದು, ತುಂಡು ಕೂಡಿಕೊಳ್ಳದಿರಬಹುದು, ಸ್ಕ್ರೂ ಸಡಿಲವಾಗಬಹುದು, ವರ್ಷಗಳ ಮೇಲೆ ಕೀಲು ಸವೆಯಬಹುದು. ಆದ್ದರಿಂದ ಭುಜದ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈಗಳೇ ಬೇಕು. ಆಮೇಲಿನ ತಾಳ್ಮೆಯೂ ಬೇಕು. ಮೂರು ನಾಲ್ಕು ವಾರ ಜೋಲಿ, ನಿಧಾನಕ್ಕೆ ವ್ಯಾಯಾಮ, ಮೂಳೆ ಕೂಡಲು ಸುಮಾರು ಮೂರು ತಿಂಗಳು, ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ಬೀಡಿ ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ತಡವಾಗುತ್ತದೆ.

ತಮ್ಮಯ್ಯ ಬೀಡಿ ಬಿಟ್ಟ. ಆರು ತಿಂಗಳು ಉಳುಮೆಯನ್ನು ಅಣ್ಣನಿಗೆ ಒಪ್ಪಿಸಿದ. ಆ ವರ್ಷ ಒಂದು ಜೊತೆ ಎತ್ತು ಮಾರಬೇಕಾಯಿತು. ಅದನ್ನು ಮುಚ್ಚಿಡಲಾರೆ. ಕೈಯನ್ನು ಹೊರಕ್ಕೆ ತಿರುಗಿಸುವುದು ಮೊದಲಿನಷ್ಟು ಸಾಧ್ಯವಿಲ್ಲ, ಕವಣೆ ಬೀಸುವುದನ್ನು ಬಿಟ್ಟಿದ್ದಾನೆ. ಆದರೆ ಅಂದಿನಿಂದ ಇಂದಿನವರೆಗೆ ಭುಜ ಒಮ್ಮೆಯೂ ಜಾರಿಲ್ಲ.

ಹೆಸರಾಂತರಿಗೂ ಇದು ತಪ್ಪಿದ್ದಲ್ಲ. ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್ ಭುಜದ ಗಾಯದಿಂದ 2017ರ ಐಪಿಎಲ್ ಅನ್ನೇ ಬಿಟ್ಟು ಶಸ್ತ್ರಚಿಕಿತ್ಸೆಗೆ ಒಳಗಾದರು. ಶ್ರೇಯಸ್ ಅಯ್ಯರ್ 2021ರ ಮಾರ್ಚ್‌ನಲ್ಲಿ ಪುಣೆಯ ಪಂದ್ಯದಲ್ಲಿ ಚೆಂಡು ತಡೆಯಲು ಎಗರಿದಾಗ ಅವರ ಎಡಭುಜ ಜಾರಿತು. ಮರುತಿಂಗಳೇ ಶಸ್ತ್ರಚಿಕಿತ್ಸೆಯಾಯಿತು, ನವೆಂಬರಿನಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದರು. ಕಾಯದೆ ಚಿಕಿತ್ಸೆ ಪಡೆಯುವ ಅನುಕೂಲ ಅವರಿಗಿತ್ತು. ಹಳ್ಳಿಯ ಕಬಡ್ಡಿ ಆಟಗಾರನಿಗೆ, ಗರಡಿಯ ಹುಡುಗನಿಗೆ, ಕಬ್ಬು ಕಡಿಯುವವನಿಗೆ ಆ ಅನುಕೂಲವಿಲ್ಲ. ಹೀಗಾಗಿ ತಿಳಿವಳಿಕೆಯಾದರೂ ಅವರಿಗೆ ಬೇಗ ತಲುಪಬೇಕು.

ಈಗ ನಾನು ಬಾಕಿ ಉಳಿಸಿಕೊಂಡ ಎರಡು ನಿಮಿಷ. ದಯವಿಟ್ಟು ಗಮನವಿಟ್ಟು ಕೇಳಿ.

ಭುಜ ಜಾರಿದಾಗ ಅಲ್ಲೇ ಎಳೆಯಬೇಡಿ, ಎಳೆಯಲು ಬಿಡಬೇಡಿ. ಜೊತೆಯಲ್ಲಿ ಮೂಳೆ ಮುರಿದಿದ್ದರೆ ಎಳೆತದಿಂದ ಹೆಚ್ಚು ಹಾನಿಯಾಗುತ್ತದೆ. ಎಣ್ಣೆ ಹಾಕಿ ತಿಕ್ಕಬೇಡಿ. ಕೈ ಯಾವ ಭಂಗಿಯಲ್ಲಿ ಹಿತವಾಗಿರುತ್ತದೋ ಅದೇ ಭಂಗಿಯಲ್ಲಿ ಟವಲಿನಿಂದ ಜೋಲಿ ಕಟ್ಟಿ. ಬೆರಳುಗಳಿಗೆ ಸ್ಪರ್ಶ ತಿಳಿಯುತ್ತದೆಯೇ, ರಟ್ಟೆಯ ಹೊರಮೈ ಜೋಮು ಹಿಡಿದಿದೆಯೇ ನೋಡಿ, ವೈದ್ಯರಿಗೆ ಹೇಳಿ. ಅರಿವಳಿಕೆ ಬೇಕಾಗಬಹುದು, ಊಟ ತಿಂಡಿ ಕೊಡಬೇಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಕೂರಿಸುವ ಮುಂಚೆ ಒಂದು, ಆಮೇಲೆ ಒಂದು ಎಕ್ಸ್-ರೇ ಆಗಲಿ. ಆ ಚಿತ್ರಗಳನ್ನು ಜೋಪಾನವಾಗಿಡಿ.

ಮತ್ತೆ ಜಾರಿದರೆ ದಿನಾಂಕ ಬರೆದಿಡಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಬರೆದರೆ ಸಾಕು. ಅರ್ಧ ಜಾರಿ ತಾನೇ ಕೂತದ್ದನ್ನೂ ಬರೆಯಿರಿ. ವೈದ್ಯರ ಮುಂದೆ ಸಂಖ್ಯೆಯನ್ನು ಕಡಿಮೆ ಮಾಡಿ ಹೇಳಬೇಡಿ. ಈಜುವುದು, ಮರ ಹತ್ತುವುದು, ಎತ್ತರದಲ್ಲಿ ಕೆಲಸ ಮಾಡುವುದು ಚಿಕಿತ್ಸೆಯಾಗುವವರೆಗೆ ಬೇಡ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಮೂರು ಪ್ರಶ್ನೆ ಕೇಳಿ: ಮೂಳೆ ಎಷ್ಟು ಸವೆದಿದೆ? ಅದನ್ನು ಸಿ.ಟಿ.ಯಲ್ಲಿ ಅಳೆದಿದ್ದೀರಾ? ಹೊಲಿಗೆ ಸಾಕೇ, ಮೂಳೆ ಸೇರಿಸಬೇಕೇ? ಕೇಳುವುದು ಅವಿಧೇಯತೆಯಲ್ಲ. ಒಳ್ಳೆಯ ವೈದ್ಯರು ಸಂತೋಷದಿಂದಲೇ ಉತ್ತರಿಸುತ್ತಾರೆ. ಖರ್ಚಿನ ಚಿಂತೆಯಿರುವವರು ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮ್ಮ ಚಿಕಿತ್ಸೆಗೆ ನೆರವಿದೆಯೇ ಎಂದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕಳೆದ ಬಾರಿ ಜಾತ್ರೆಗೆ ಹೋಗಿದ್ದಾಗ ತಮ್ಮಯ್ಯ ಪೆಂಡಾಲಿನಲ್ಲಿ ಪಕ್ಕದೂರಿನ ಹುಡುಗನೊಬ್ಬನನ್ನು ಕೂರಿಸಿಕೊಂಡು ಮಾತನಾಡುತ್ತಿದ್ದ. ಆ ಹುಡುಗನ ಭುಜ ಎರಡು ಸಲ ಜಾರಿತ್ತಂತೆ. ತಮ್ಮಯ್ಯ ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲ್ಭಾಗದ ಗಾಯದ ಕಲೆ ತೋರಿಸಿ, "ಇಪ್ಪತ್ತಾದ್ಮೇಲೆ ಹೋದ್ರೆ ಇದು, ಎರಡರಲ್ಲೇ ಹೋದ್ರೆ ಬರೀ ಹೊಲ್ಗೆ" ಎನ್ನುತ್ತಿದ್ದ. ಅವನು ಕೈಗೆ ಹಗ್ಗ ಸುತ್ತಿಕೊಂಡಿರಲಿಲ್ಲ, ಹಿಡಿದಿದ್ದನಷ್ಟೆ.

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ನಾನು ಬಿಟ್ಟದ್ದನ್ನು ಅವನು ಒಂದು ವಾಕ್ಯದಲ್ಲಿ ಹೇಳಿದ್ದ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ನಿಮ್ಮೂರ ಗರಡಿಯಲ್ಲಿ, ಶಾಲೆಯ ಮೈದಾನದಲ್ಲಿ "ಹೋಯ್ತದೆ, ಬತ್ತದೆ" ಎನ್ನುವವರು ಯಾರಾದರೂ ಇದ್ದರೆ ದಯಮಾಡಿ ಇಂದೇ ತಿಳಿಸಿ.